ಪದ್ಮಾವತಮ್ಮ ಬಾಗಿಲಲ್ಲಿ ಏನಂದಳು?

ಬೈರಮ್ಮನ ಬುದ್ಧಿ ಅವತ್ತು ಎಲ್ಲಿ ಮೇಯಲು ಹೋಗಿತ್ತೋ ಆ ಮುನೇಶ್ವರನಿಗೇ ಗೊತ್ತು. ಸೊಸೆ ಗಂಗರತ್ನ ಚೊಚ್ಚಲ ಹೆರಿಗೆಗೆಂದು ಶ್ರೀನಿವಾಸಪುರದ ತವರಿಗೆ ಹೊರಟು ನಿಂತಾಗ, ಅವಳ ಟ್ರಂಕಿನಲ್ಲಿ ಸೀರೆಗಳ ಮಧ್ಯೆ ಬೆಚ್ಚಗೆ ಕೂತಿದ್ದ ಕಾದಂಬರಿಯನ್ನು ಈಕೆಯೇ ಕೈಹಾಕಿ ಎತ್ತಿಕೊಂಡಳು.

"ಬಾಣಂತಿ ಪುಸ್ತಕ ಹಿಡಿಯಂಗಿಲ್ಲ ಕಣಮ್ಮ. ಹಸಿಮೈಯಲ್ಲಿ ಓದಿದ್ರೆ ಕಣ್ಣು ಮಂಜಾಗ್ತವೆ."

"ಇನ್ನೂ ಹೆರಿಗೇನೇ ಆಗಿಲ್ವಲ್ಲ ಅತ್ತೆ!"

"ಆದ್ಮೇಲೆ ಬಿಟ್ಬಿಡ್ತೀಯಾ? ನಿನ್ನ ಹುಚ್ಚು ನಂಗೊತ್ತಿಲ್ವಾ?"

ಗಂಗರತ್ನ ಮುಖ ಸಣ್ಣದು ಮಾಡಿಕೊಂಡು ಬಸ್ಸು ಹತ್ತಿದಳು. ಬೈರಮ್ಮ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ದೊಡ್ಡ ಕೆಲಸ ಸಾಧಿಸಿದವಳ ಹಾಗೆ ಮನೆಗೆ ಬಂದಳು.

ಮಾರನೆಯ ಮಧ್ಯಾಹ್ನ ರೇಷ್ಮೆ ಹುಳಕ್ಕೆ ಸೊಪ್ಪು ಹೆಚ್ಚಲು ಕೂತಾಗ ತಾನು ಮಾಡಿಕೊಂಡದ್ದೇನೆಂದು ಹೊಳೆಯಿತು. ಇಷ್ಟು ದಿನ ಇದೇ ಹೊತ್ತಿಗೆ ಈಕೆ ಸೊಪ್ಪು ಹೆಚ್ಚುತ್ತಿದ್ದಳು, ಎದುರಿಗೆ ಕಂಬಕ್ಕೊರಗಿ ಗಂಗರತ್ನ ಕಾದಂಬರಿ ಓದುತ್ತಿದ್ದಳು. ಈಗ ಓದುವವಳು ಶ್ರೀನಿವಾಸಪುರದಲ್ಲಿ, ಪುಸ್ತಕ ಇಲ್ಲಿ. ಬೈರಮ್ಮನಿಗೋ ಅಕ್ಷರದ ಗಂಧವಿಲ್ಲ. ತನ್ನ ಕೈಯಾರೆ ತಾನೇ ಕಥೆಗೆ ಬೀಗ ಜಡಿದುಕೊಂಡಿದ್ದಳು.

ಅದೂ ಎಂಥ ಜಾಗದಲ್ಲಿ! ಕಾದಂಬರಿಯ ಹೆಸರು 'ಒಂದೇ ಅಂಗಳ, ಎರಡು ಒಲೆ'. ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಗಂಗರತ್ನ ಕೊಂಡದ್ದು. ಸಮುದ್ರದ ದಂಡೆಯ ಮೇಲೆ ಒಂದು ದೊಡ್ಡ ಮನೆ, ಆ ಮನೆಗೆ ಪದ್ಮಾವತಮ್ಮ ಎಂಬ ಅತ್ತೆ, ಇಬ್ಬರು ಸೊಸೆಯರು. ಅತ್ತೆಯ ವಜ್ರದ ಮೂಗುಬೊಟ್ಟು ಕಾಣೆಯಾಗಿ, ಕದ್ದ ಅಪವಾದ ಕಿರಿ ಸೊಸೆಯ ತಲೆಗೆ ಬಂದಿತ್ತು. ಸಮುದ್ರವನ್ನು ಬೈರಮ್ಮ ಕಂಡವಳಲ್ಲ, ಆದರೆ ಆ ಮನೆಯಲ್ಲಿ ಅವಳಿಗೆ ಗೊತ್ತಿಲ್ಲದ ಮೂಲೆಯಿರಲಿಲ್ಲ. ಹಿರಿ ಸೊಸೆಯೇ ಕಳ್ಳಿ ಎಂದು ಆಕೆ ಎಂದೋ ತೀರ್ಮಾನ ಮಾಡಿದ್ದಳು. ಕಿರಿಯವಳು ಟ್ರಂಕು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಾಳೆ, ಪದ್ಮಾವತಮ್ಮ ಬಾಗಿಲಿಗೆ ಬಂದು ಬಾಯಿ ತೆರೆದಿದ್ದಾಳೆ. ಓದು ಅಲ್ಲಿಗೆ ಬರುವಷ್ಟರಲ್ಲಿ ಗಂಗರತ್ನಳ ತವರಿನವರು ಅವಳನ್ನು ಕರೆದೊಯ್ಯಲು ಬಂದಿದ್ದರು. ಗಂಗರತ್ನ ಆ ಹಾಳೆಗೆ ಹಸಿರು ರವಿಕೆ ಚೂರೊಂದನ್ನು ಗುರುತಿಗಿಟ್ಟು ಎದ್ದಿದ್ದಳು.

ಬೈರಮ್ಮ ಗಂಡನ ಮುಂದೆ ಪುಸ್ತಕ ಹಿಡಿದಳು. ಕೋದಂಡರಾಮಪ್ಪ ಸುಬ್ಬರಾಯಪ್ಪನ ಟೀ ಅಂಗಡಿಯಲ್ಲಿ ನಾಲ್ಕು ಜನಕ್ಕೆ ಪೇಪರು ಓದಿ ಹೇಳುವ ಗಂಡಸು. ಹೆಂಗಸರ ಕಾದಂಬರಿ ಓದುವುದೆಂದರೆ ಅವನ ಮೀಸೆಗೆ ಅವಮಾನ. ಕನ್ನಡಕ ಏರಿಸಿ, ಹಾಳೆಯ ಮೇಲೊಮ್ಮೆ ಕಣ್ಣಾಡಿಸಿದ ಹಾಗೆ ಮಾಡಿ, "ಹೋಗು ಅಂದ್ಲು. ಅವಳು ಹೋದ್ಲು. ಮುಗೀತು," ಎಂದು ಮುಚ್ಚಿಟ್ಟ.

ಬೈರಮ್ಮ ಗುರುತಿನಿಂದ ಆಚೆಗಿನ ಹಾಳೆಗಳನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದಳು. ಒಂದು ಬೆರಳಿನ ದಪ್ಪ ಇತ್ತು.

"ಮುಗಿದಿದ್ರೆ ಇಷ್ಟು ಹಾಳೆ ಯಾಕಿಟ್ಟವ್ರೆ? ಹೋಗೋಳಿಗೆ ಬುತ್ತಿ ಕಟ್ಟೋಕಾ? ಪದ್ಮಾವತಮ್ಮ ಅಂಥೋಳಲ್ಲ. ನೀವು ಸುಳ್ಳು ಹೇಳ್ತಾ ಇದೀರಾ!"

"ಲೇ, ಅಷ್ಟು ಅನುಮಾನ ಇದ್ರೆ ನೀನೇ ಓದ್ಕೊಳ್ಳೇ! ನೀನು ಆ ಪುಸ್ತಕ ಓದಿದ ದಿವಸ, ನಾನು ಒಲೆ ಮುಂದೆ ಕೂತು ಮುದ್ದೆ ತಿರುವ್ತೀನಿ."

ಅಷ್ಟಕ್ಕೇ ಬಿಟ್ಟಿದ್ದರೆ ಮನೆಯ ಮಾತು ಮನೆಯಲ್ಲೇ ಉಳಿಯುತ್ತಿತ್ತು. ಆಸಾಮಿ ಸಂಜೆ ಟೀ ಅಂಗಡಿಯಲ್ಲೂ ಅದನ್ನೇ ಹೇಳಿ ಎಲ್ಲರನ್ನೂ ನಗಿಸಿದ. ಆ ನಗು ಬೈರಮ್ಮನ ಕಿವಿಗೆ ಬಂತು. ಮೊದಲು ಸಂಕಟವಾಯಿತು, ಆಮೇಲೆ ಮೈಯೆಲ್ಲ ಉರಿಯಿತು.

ಅದು ಎಪ್ಪತ್ತೊಂಬತ್ತನೆಯ ಇಸವಿ. ಊರಿನ ಭಜನೆ ಮನೆಯಲ್ಲಿ ಮಧ್ಯಾಹ್ನದ ಹೊತ್ತು ದೊಡ್ಡವರಿಗೆ ಅಕ್ಷರ ಕಲಿಸಲು ಶ್ಯಾಮಲಮ್ಮ ಎಂಬ ಟೀಚರು ಮುಳಬಾಗಿಲಿನಿಂದ ಬರುತ್ತಿದ್ದಳು. ಬೈರಮ್ಮ ಸೊಪ್ಪಿನ ಕತ್ತಿ ಕೆಳಗಿಟ್ಟು, ಕೈ ಒರೆಸಿಕೊಂಡು, ನೇರ ಹೋಗಿ ಮುಂದೆಯೇ ಕೂತಳು.

"ಟೀಚರಮ್ಮ, ನಂಗೆ ಮೊದ್ಲು ಪದ್ಮಾವತಮ್ಮ ಅಂತ ಓದೋದು ಹೇಳ್ಕೊಡಿ."

"ಅದು ಕೊನೇಗೆ ಬರ್ತದೆ ಬೈರಮ್ಮನೋರೇ. ಮೊದಲು ಅ, ಆ."

ಬೆರಳು ಬಳಪ ಹಿಡಿಯಲು ಒಪ್ಪಲಿಲ್ಲ. ಬರೆದ ಅಕ್ಷರ ಒಂದೊಂದೂ ಒಂದೊಂದು ಕಡೆಗೆ ಮಗುಚಿಕೊಂಡಿತು. ಬೈರಮ್ಮ ಬಿಡಲಿಲ್ಲ. ಒಲೆಯ ಪಕ್ಕದ ಗೋಡೆ ಇದ್ದಿಲಿನ ಅಕ್ಷರಗಳಿಂದ ತುಂಬಿಹೋಯಿತು. ಉಪ್ಪಿನ ಪೊಟ್ಟಣ, ಗೊಬ್ಬರದ ಚೀಲ, ಬೆಂಕಿಪೊಟ್ಟಣ, ಯಾವುದಕ್ಕೂ ಅವಳ ಕೈಯಿಂದ ಬಿಡುಗಡೆಯಿಲ್ಲ. ರಸ್ತೆಗೆ ಬಂದು ನಿಂತು, ಕೋಲಾರದ ಬಸ್ಸಿನ ಬೋರ್ಡನ್ನು ಗಟ್ಟಿಯಾಗಿ ಓದಿದಳು. ಓದಿ ಮುಗಿಯುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಬಸ್ಸು ತಪ್ಪಿದ್ದಕ್ಕೆ ಅಷ್ಟು ಖುಷಿಪಟ್ಟವರು ಆ ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಾರರು.

ಒಂದು ದಿನ ಶ್ಯಾಮಲಮ್ಮನಿಗೇ ಅಯ್ಯೋ ಅನಿಸಿತು. "ಕೊಡಿ ಬೈರಮ್ಮನೋರೇ, ಆ ಒಂದು ಹಾಳೆ ನಾನೇ ಓದಿ ಹೇಳ್ತೀನಿ. ಪಾಪ, ಎಷ್ಟು ದಿನ ಕಾಯ್ತೀರಾ?"

ಬೈರಮ್ಮನ ನಾಲಿಗೆ ತುದಿಗೆ 'ಹೂಂ' ಬಂದೇಬಿಟ್ಟಿತ್ತು. ಉಗುಳು ನುಂಗಿಕೊಂಡಳು. "ಬೇಡಮ್ಮ. ನನ್ನ ಕಣ್ಣಲ್ಲೇ ನೋಡ್ತೀನಿ."

ಸೊಸೆಗೆ ಹೆಣ್ಣುಮಗುವಾಯಿತೆಂಬ ಸುದ್ದಿ ಬರುವ ಹೊತ್ತಿಗೆ ಒತ್ತಕ್ಷರಗಳೂ ಹದಕ್ಕೆ ಬಂದಿದ್ದವು. ಬೇಕೆಂದಿದ್ದರೆ ಅವತ್ತೇ ಬಾಗಿಲು ಮುಚ್ಚಿಕೊಂಡು ಓದಬಹುದಿತ್ತು. ಪುಸ್ತಕ ತೆಗೆದಳು, ಹಸಿರು ಚೂರು ಮುಟ್ಟಿದಳು, ಮತ್ತೆ ಮುಚ್ಚಿದಳು. ಆ ಹೊಸ್ತಿಲವರೆಗೂ ನಾನೂ ಸೊಸೆಯೂ ಕೂಡಿ ಹೋಗಿದ್ದೆವು, ಒಬ್ಬಳೇ ದಾಟುವುದು ನ್ಯಾಯವಲ್ಲ ಅನಿಸಿತು. ಗಂಡನಿಗೂ ಏನೂ ಹೇಳಲಿಲ್ಲ. ಗೋಡೆಯ ಮೇಲಿನ ಇದ್ದಿಲು ಗೀಟುಗಳನ್ನು ಅವನು ದಿನಾ ನೋಡಿ ನಗುತ್ತಲೇ ಇದ್ದ.

ನಾಮಕರಣದ ದಿನ ಶ್ರೀನಿವಾಸಪುರದ ಬೀಗರ ಮನೆ ಜನರಿಂದ ತುಂಬಿತ್ತು. ಊಟ ಮುಗಿದ ಮೇಲೆ ಹೆಂಗಸರೆಲ್ಲ ಬಾಣಂತಿ ಕೋಣೆಯಲ್ಲಿ ಸೇರಿದರು. ಸಾಂಬ್ರಾಣಿ ಹೊಗೆಯ ನಡುವೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ ಗಂಗರತ್ನ ಅತ್ತೆಯ ಕೈಚೀಲದ ಮೇಲೇ ಕಣ್ಣಿಟ್ಟಿದ್ದಳು.

"ಅತ್ತೆ, ಪುಸ್ತಕ ತಂದ್ರಾ? ಕೊಡಿ, ಒಂದೇ ಒಂದು ಹಾಳೆ ಓದ್ತೀನಿ. ಆ ಕಿರಿ ಸೊಸೆ ದಿನಾ ಕನಸಲ್ಲಿ ಬಂದು ಟ್ರಂಕು ಹಿಡ್ಕೊಂಡು ನಿಂತ್ಕೋತಾಳೆ."

"ಓದೋದಾ? ಕಣ್ಣು ಏನಾಗ್ಬೇಕು?" ಎಂದು ಅವಳ ತಾಯಿ ಮುನಿಶಾಮಮ್ಮ ಹಾರಿಬಿದ್ದಳು.

"ಅವಳು ಯಾಕೆ ಓದ್ಬೇಕು?" ಎಂದಳು ಬೈರಮ್ಮ. ಬಾಗಿಲಲ್ಲಿ ಮೊಮ್ಮಗಳನ್ನು ನೋಡಲು ಗಂಡ ನಿಂತಿದ್ದ. ಅವನತ್ತ ಕೈ ಚಾಚಿದಳು. "ಆ ಕನ್ನಡಕ ಇಲ್ಲಿ ಕೊಡಿ."

ಬೀಗರೆಲ್ಲ ನೋಡುತ್ತಿದ್ದರು. ಕೋದಂಡರಾಮಪ್ಪ ಕೊಡದೆ ಏನು ಮಾಡಿಯಾನು? ಬೈರಮ್ಮ ಕನ್ನಡಕ ಏರಿಸಿ, ಹಸಿರು ಚೂರು ತೆಗೆದು, ಬೆರಳಿಟ್ಟು ಶುರು ಮಾಡಿದಳು.

"ಪ... ದ್ಮಾ... ವತಮ್ಮ ಬಾ... ಗಿ... ಲಲ್ಲಿ ನಿಂತು ಹೇಳಿದಳು."

ಗಂಗರತ್ನ ತೆರೆದ ಬಾಯಿ ಮುಚ್ಚಲಿಲ್ಲ. ಬೈರಮ್ಮನ ಹಣೆ ಬೆವರಿತು, ಬೆರಳು ಮಾತ್ರ ಮುಂದೆ ಸರಿಯುತ್ತಲೇ ಇತ್ತು.

"'ಹೋ... ಗುವುದಾದರೆ ಹೋಗು. ಊಟ ಮಾಡಿ ಹೋಗು.'"

"ನಾನು ಹೇಳ್ಲಿಲ್ವಾ!" ಎಂದು ಬೈರಮ್ಮ ಪುಸ್ತಕಕ್ಕೇ ಒಂದು ಏಟು ಕೊಟ್ಟಳು. "ಅವಳು ಅಂಥೋಳಲ್ಲ ಅಂತ ನಾನು ಹೇಳ್ಲಿಲ್ವಾ!"

"ಚದುವಮ್ಮಾ, ಚದುವು! ಮುಂದಕ್ಕೆ ಓದು!" ಮುನಿಶಾಮಮ್ಮ ಖುಷಿ ಹೆಚ್ಚಾದರೆ ತೆಲುಗಿಗೆ ಇಳಿಯುವವಳು.

ಕಥೆಯಲ್ಲಿ ಕಿರಿ ಸೊಸೆ ಊಟಕ್ಕೆ ಮುಂಚೆ ಕೈ ತೊಳೆಯಲು ಬಚ್ಚಲಿಗೆ ಹೋದಳು. ಅತ್ತೆಯ ಸೋಪು ಉಜ್ಜಿದಳು. ಸೋಪಿನೊಳಗಿಂದ ಏನೋ ಅಂಗೈಗೆ ಚುಚ್ಚಿತು. ಸ್ನಾನಕ್ಕೆ ಹೋದಾಗ ಮೂಗುಬೊಟ್ಟನ್ನು ಜೋಪಾನವಾಗಿರಲೆಂದು ಸೋಪಿಗೆ ಚುಚ್ಚಿಟ್ಟು ಮರೆತವಳು ಸ್ವತಃ ಪದ್ಮಾವತಮ್ಮನೇ! ಹೆಂಗಸರೆಲ್ಲ ಹೋ ಎಂದು ನಕ್ಕರು. ಹಿರಿ ಸೊಸೆಯನ್ನು ಇಷ್ಟು ದಿನ ಬಾಯಿಗೆ ಬಂದಂತೆ ಬೈದಿದ್ದ ಬೈರಮ್ಮ ಒಂದು ಗಳಿಗೆ ಪೆಚ್ಚಾದಳು. ಆಮೇಲೆ ತಾನೂ ನಕ್ಕು, ಮುಂದಿನ ಸಾಲಿಗೆ ಬೆರಳಿಟ್ಟಳು.

"'ತ... ಪ್ಪು ನನ್ನದು. ಒಳಗೆ ಬಾ, ಮ... ಗ... ಳೇ.'"

ಆ ಪದವನ್ನು ಬೈರಮ್ಮ ಎಂದೂ ತನ್ನ ಸೊಸೆಗೆ ಅಂದವಳಲ್ಲ. ಅಕ್ಷರ ಅಕ್ಷರವಾಗಿ ಬಂದದ್ದನ್ನು ಈಗ ಕೂಡಿಸಿ, ಪುಸ್ತಕ ನೋಡದೆ, ಸೊಸೆಯ ಮುಖ ನೋಡಿ ಇನ್ನೊಂದು ಸಲ ಹೇಳಿದಳು. "ಮಗಳೇ."

ಗಂಗರತ್ನ ಅಳುತ್ತಾ ನಕ್ಕಳು. "ಅಳ್ಬೇಡ ಕಣೇ, ಕಣ್ಣಿಗೆ ಒಳ್ಳೇದಲ್ಲ," ಎಂದು ಬೈರಮ್ಮ ತನ್ನ ಕಣ್ಣೊರೆಸಿಕೊಂಡಳು. ತಿರುಗಿ ನೋಡಿದರೆ ಕೋದಂಡರಾಮಪ್ಪ ಬಾಗಿಲಾಚೆ ಚಪ್ಪಲಿ ಹುಡುಕುತ್ತಿದ್ದ.

"ಎಲ್ಲಿಗೆ ಯಜಮಾನ್ರೇ? ಹೋಗು ಅಂದ್ಲು, ಹೋದ್ಲು, ಮುಗೀತು ಅಂದಿದ್ರಲ್ಲ?"

ಮುದ್ದೆ ತಿರುವುವ ಪಂತದ ವಿಷಯ ಗೊತ್ತಾದ ಮೇಲೆ ಮುನಿಶಾಮಮ್ಮ ಸುಮ್ಮನಿರುತ್ತಾಳೆಯೇ? ಮನೆಯ ಅತಿ ದೊಡ್ಡ ಪಾತ್ರೆಯನ್ನೇ ಒಲೆಗೇರಿಸಿದಳು. ಸಂಜೆ, ಬೀಗರು ನೆಂಟರು ಸುತ್ತ ನಿಂತಿರಲು, ಕೋದಂಡರಾಮಪ್ಪ ಪಂಚೆ ಎತ್ತಿ ಕಟ್ಟಿ, ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಮುದ್ದೆ ಕೋಲು ತಿರುವಿದ. ಹಿಟ್ಟು ಗಂಟಾಯಿತು, ಹೊಗೆಗೆ ಕಣ್ಣಲ್ಲಿ ನೀರು ಬಂತು. ಬೈರಮ್ಮ ಅವನ ಎದುರಿಗೆ ಮಣೆ ಹಾಕಿಕೊಂಡು, ಕನ್ನಡಕ ಹಾಕಿಕೊಂಡು, ಮುಂದಿನ ಹಾಳೆಯನ್ನು ಮೆಲುದನಿಯಲ್ಲಿ ಓದಿಕೊಳ್ಳುತ್ತಿದ್ದಳು. ಈಗ ಹಿರಿ ಸೊಸೆ ಸಿಟ್ಟಾಗಿ ಟ್ರಂಕು ಎತ್ತಿಕೊಂಡಿದ್ದಳು.

ಕೋಲಿನ ಸದ್ದು ನಿಂತಿತು. ಕೋದಂಡರಾಮಪ್ಪ ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದ.

"ಲೇ... ಅವಳೂ ಹೋಗ್ಬಿಟ್ಲಾ?"

ಬೈರಮ್ಮ ಹಸಿರು ಚೂರನ್ನು ಹಾಳೆಗಿಟ್ಟು ಪುಸ್ತಕ ಮುಚ್ಚಿದಳು.

"ಮೊದ್ಲು ಗಂಟಿಲ್ಲದಂಗೆ ತಿರುವಿ. ಆಮೇಲೆ ಓದಿ ಹೇಳ್ತೀನಿ."