ಪಕ್ಕದ ಕೋಣೆಯ ನಗು

ಹತ್ತೊಂಬತ್ತು ವರ್ಷ ಸೈನ್ಯದ ಲಾರಿ ಓಡಿಸಿ ನಿವೃತ್ತನಾದ ಡ್ರೈವರನಿಗೆ ರಸ್ತೆಯಲ್ಲಿ ರಟ್ಟಿನ ಡಬ್ಬ ಕಂಡರೆ ಮುಗಿಯಿತು. ಅದರೊಳಗೆ ಬಾಂಬು ಇದ್ದೇ ಇದೆ ಎಂದು ಕೈ ತಾನಾಗಿ ಹ್ಯಾಂಡಲ್ ತಿರುಗಿಸಿಬಿಡುತ್ತಿತ್ತು. ಹಾಗೆ ತಿರುಗಿಸಿದ ಒಂದು ದಿನ ಸ್ಕೂಟರಿನ ಹಿಂದೆ ಕೂತಿದ್ದ ಹೆಂಡತಿ ಚರಂಡಿಗೆ ಬಿದ್ದಳು. ಡಬ್ಬಕ್ಕೆ ಏನೂ ಆಗಲಿಲ್ಲ.

ಮಂಡಿಗೆ ಪಟ್ಟಿ ಕಟ್ಟಿಸಿಕೊಂಡವಳೇ ಅವಳು ಗಂಡನನ್ನು ಸೈನಿಕರ ಆಸ್ಪತ್ರೆಯ ಆಪ್ತಸಮಾಲೋಚಕಿಯ ಮುಂದೆ ಕೂರಿಸಿದಳು. ಆಕೆ ಮೂರು ಗುಂಪುಗಳಿವೆ ಎಂದರು. ಗುರುವಾರ ಮಧ್ಯಾಹ್ನ ಒಂದು ಕೋಣೆಯಲ್ಲಿ ಸೈನಿಕರು, ಪಕ್ಕದ ಕೋಣೆಯಲ್ಲಿ ಅವರ ಹೆಂಡಂದಿರು. ಶನಿವಾರ ಮನೆಮಂದಿಯೆಲ್ಲ ಒಟ್ಟಿಗೆ.

"ನಂಗೇನಾಗಿದೆ? ಚೆನ್ನಾಗೇ ಇದೀನಿ" ಎಂದ ಡ್ರೈವರ್.

"ಹಾಗಾದ್ರೆ ನನ್ ಹೆಸರು ಬರ್ಕೊಳ್ಳಿ ಮೇಡಂ. ಚೆನ್ನಾಗಿರೋರ ಜೊತೆ ಬಾಳಿ ಬಾಳಿ ಸುಸ್ತಾಗಿದೆ."

ಮೊದಲ ಗುರುವಾರ ಅವಳು ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. ಎರಡನೆಯ ಗುರುವಾರ ಚಪ್ಪಲಿ ಬಿಡುವಾಗಲೇ ಒಬ್ಬಳೇ ಕಿಸಕ್ಕನೆ ನಕ್ಕಳು.

"ಏನ್ ಮಾತಾಡ್ತೀರ ಅಲ್ಲಿ?"

"ಹೊರಗೆ ಹೇಳೋ ಹಾಗಿಲ್ಲ. ರೂಲ್ಸು."

ರೂಲ್ಸು ಎಂದಮೇಲೆ ಅವನು ಬಾಯಿ ಮುಚ್ಚಲೇಬೇಕು. ಆದರೆ ತಲೆಯೊಳಗೆ ಹುಳ ಹೊಕ್ಕಿತ್ತು. ತನ್ನ ಗೊರಕೆ, ತನ್ನ ತೂತು ಬನಿಯನ್ನು, ತನ್ನ ಪುಕ್ಕಲುತನ ಎಲ್ಲವನ್ನೂ ಹತ್ತು ಹೆಂಗಸರು ಸೇರಿ ಹರಾಜು ಹಾಕುತ್ತಿದ್ದಾರೆ!

ಮೂರನೆಯ ಗುರುವಾರ ಕದ್ದು ಹೋಗಿ ಆ ಕೋಣೆಯ ಬಾಗಿಲಿಗೆ ಕಿವಿ ಹಚ್ಚಿದ. ಒಳಗೆ ನಗು ಉಕ್ಕುವುದಕ್ಕೂ ಸಮಾಲೋಚಕಿ ಹಿಂದೆ ಬಂದು ನಿಲ್ಲುವುದಕ್ಕೂ ಸರಿಹೋಯಿತು.

"ಗುಂಪು ಹುಡುಕ್ತಿದೀರಾ? ನಿಮ್ದು ಈ ಕಡೆ."

ಆ ಕಡೆ ಎಂಟು ಗಂಡಸರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಎದೆ ಸೆಟೆಸಿ ಕೂತು ಫ್ಯಾನನ್ನು ಕಾವಲು ಕಾಯುತ್ತಿದ್ದರು. ಗೋಡೆಯಾಚೆ ಮತ್ತೆ ನಗು. ಡ್ರೈವರನಿಗೆ ತಡೆಯಲಾಗಲಿಲ್ಲ.

"ನನ್ ಹೆಂಡ್ತಿ ಅಲ್ಲಿ ಕೂತು ನನ್ನ ಮಾನ ಕಳೀತಿದಾಳೆ."

"ನನ್ನೋಳೂ ಅಲ್ಲೇ ಇದಾಳೆ" ಎಂದ ಸೈನ್ಯದಲ್ಲಿ ಅಡುಗೆ ಮಾಡಿದ್ದ ದಪ್ಪ ಮೀಸೆಯವನು. "ಅವ್ಳು ಹೇಳೋಕೆ ಮುಂಚೆ ನಾನೇ ಹೇಳ್ಬಿಡ್ತೀನಿ. ಬಾಗಿಲಿಗೆ ಬೆನ್ನು ಹಾಕಿ ಕೂರೋಕೆ ನನ್ ಕೈಲಾಗಲ್ಲ. ನಾದಿನಿ ಮದುವೇಲಿ ಗೋಡೆ ಪಕ್ಕ ಜಾಗ ಸಿಗದೆ ಪಾತ್ರೆ ತೊಳೆಯೋರ ಮಧ್ಯೆ ನಿಂತು ಉಂಡೆ."

ಯಾರೋ ಪಕ್ಕನೆ ನಕ್ಕರು. ಇನ್ನೊಬ್ಬ, ಫೋನ್ ರಿಂಗಾದರೆ ತಾನು ಬಚ್ಚಲಲ್ಲೂ ಅಟೆನ್ಷನ್ ನಿಲ್ಲುತ್ತೇನೆ ಎಂದ. ಆ ಭಂಡಧೈರ್ಯದಲ್ಲೇ ಡ್ರೈವರ್ ಡಬ್ಬದ ವಿಷಯ ತೆಗೆದ. ಚರಂಡಿಯವರೆಗೂ ಎಲ್ಲರನ್ನೂ ನಗಿಸಿದ. ನಗು ಇಳಿಯುವ ಮೊದಲೇ ಬಾಯಿಂದ ಇನ್ನೊಂದು ಮಾತು ಜಾರಿತು.

"ಮುಂದಿನ ಲಾರಿ ಓಡಿಸ್ತಿದ್ದೋನು ನನ್ನ ಗೆಳೆಯ. ಡಬ್ಬದ ಮೇಲೆ ಹತ್ತಿಸ್ದ. ಅವತ್ತು ಮುಂದೆ ಹೋಗೋ ಸರದಿ ನಂದಿತ್ತು."

ಯಾರೂ ಫ್ಯಾನು ನೋಡಲಿಲ್ಲ. ಮೀಸೆಯವನು ತನ್ನ ಕುರ್ಚಿಯನ್ನು ಇವನ ಪಕ್ಕಕ್ಕೆ ಎಳೆದುಕೊಂಡ, ಬಾಗಿಲಿಗೆ ಬೆನ್ನು ಬಿದ್ದದ್ದು ತಿಳಿದೂ.

ಹೊರಗೆ ಹೆಂಡತಿ ಎದುರಾದಳು. "ನೀವಿಲ್ಲಿ?"

"ನನ್ ಬಗ್ಗೆ ಏನ್ ಹೇಳಿ ನಗ್ತಿದ್ದೆ?"

"ನಿಮ್ ಬಗ್ಗೆನಾ? ನೀವು ಮೊದಲ್ನೇ ವಾರವೇ ಮುಗಿದ್ರಿ, ಅತ್ಕೊಂಡು ಬಂದೆ. ಈಗ ಅತ್ತೆಯಂದಿರ ವಿಷಯ ನಡೀತಿದೆ."

ಅವನಿಗೆ ಹಾಯೆನಿಸಿತು; ಒಂದು ಚೂರು ಅವಮಾನವೂ ಆಯಿತು. ಕೆಮ್ಮಿ, "ಶನಿವಾರದ್ದಕ್ಕೂ ಹೆಸರು ಕೊಡೋಣ್ವಾ?" ಎಂದ.

ಶನಿವಾರ ಅವಳ ಪಕ್ಕದಲ್ಲಿ ಕೂತು ಗೆಳೆಯನ ಕತೆಯನ್ನು ಮತ್ತೆ ಹೇಳಿದ. ಈ ಸಲ ನಗಿಸಲು ಹೋಗಲಿಲ್ಲ. ಅವಳು ಅವನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದು ಕೇಳಿದಳು. ಕೊನೆಗೆ ಮೂಗು ಒರೆಸಿಕೊಂಡಳು.

"ಇಷ್ಟು ವರ್ಷ ಒಬ್ಬರೇ ಇಟ್ಕೊಂಡಿದ್ರಲ್ಲ, ಕತ್ತೆ! ಗಂಡನ್ನ ಹಾಗನ್ನಬಹುದಾ ಮೇಡಂ?"

"ಇಲ್ಲಿ ಅನ್ನಬಹುದು" ಎಂದರು ಸಮಾಲೋಚಕಿ. ಡ್ರೈವರ್ ತಲೆ ತಗ್ಗಿಸಿ, ಹೌದೆಂಬಂತೆ ಗೋಣು ಹಾಕಿದ.