ಎರಡನೆಯ ಡ್ರಮ್ಮು

ಪೇಟೆಯಲ್ಲಿ ಅವರ ನಿಜವಾದ ಹೆಸರು ಬ್ಯಾಂಕಿನವರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ಮೂಗು ಮೇಸ್ತ್ರಿ. ಮೂವತ್ತು ವರ್ಷದಿಂದ ರೇಸ್ ಕಾರುಗಳ ಇಂಜಿನ್ ಕಟ್ಟುತ್ತಿದ್ದವರು. ಇಂಧನದ ಕ್ಯಾನಿನ ಮುಚ್ಚಳ ತಿರುಗಿಸಿ ಒಮ್ಮೆ ಮೂಸಿದರೆ ಸಾಕು, ಅದು ಹೊಸದೋ ಹಳೆಯದೋ, ಏನು ಬೆರೆಸಿದ್ದಾರೆ, ಬಿಸಿಲಲ್ಲಿ ಎಷ್ಟು ದಿನ ನಿಂತಿತ್ತು ಎಂದು ಹೇಳಿಬಿಡುತ್ತಿದ್ದರು. ಒಮ್ಮೆ ಇಂಧನ ಮಾರುವವನೊಬ್ಬ ಪರೀಕ್ಷೆ ಮಾಡಲೆಂದೇ ಮೂರು ಸೀಸೆ ತಂದಿಟ್ಟಿದ್ದ. ಮೇಸ್ತ್ರಿ ಮೂರನ್ನೂ ಗುರುತಿಸಿ, "ಇನ್ನೊಂದು ವಿಷಯ, ನೀನು ಇವತ್ತು ಸ್ನಾನ ಮಾಡಿಲ್ಲ" ಎಂದೂ ಸೇರಿಸಿದ್ದರು.

ಹಿಂದಿನ ವರ್ಷ ಅವರನ್ನು ಒಂದು ಜ್ವರ ಹತ್ತು ದಿನ ಮಲಗಿಸಿತು. ಹೋಗುವಾಗ ಅದು ವಾಸನೆಯನ್ನೂ ಎತ್ತಿಕೊಂಡು ಹೋಯಿತು. ಎದ್ದು ಶೆಡ್ಡಿನ ಬಾಗಿಲು ತೆಗೆದ ದಿನ ಪೆಟ್ರೋಲಿಲ್ಲ, ರಬ್ಬರಿಲ್ಲ, ಗ್ರೀಸಿಲ್ಲ. ಬರೀ ಗಾಳಿ. ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಎಂದು ದಿನಾ ಬೆಳಿಗ್ಗೆ ಸೋಪನ್ನು ಮೂಗಿಗೆ ಹಿಡಿದು ನೋಡಿದರು. ಬರಲಿಲ್ಲ. ಹೆಂಡತಿಗೆ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಯಾರಾದರೂ ಕ್ಯಾನು ಮುಂದಿಟ್ಟರೆ ಬಣ್ಣ ನೋಡುವರು, ಬೆರಳಲ್ಲಿ ಉಜ್ಜುವರು, ತಂದವನ ಮುಖ ನೋಡುವರು, ಆಮೇಲೆ ಮೂಸಿದಂತೆ ಮಾಡಿ ಒಂದು ಮಾತು ಹೇಳುವರು. ಎಂಟು ತಿಂಗಳು ಅದೃಷ್ಟ ಕೈಬಿಡಲಿಲ್ಲ.

ಮಗಳಿಗೆ ಆಗ ಇಪ್ಪತ್ತೆಂಟು. ಇಂಜಿನ್ನಿಗೆ ಎಷ್ಟು ಇಂಧನ ಹೋಗಬೇಕು, ಯಾವ ಕ್ಷಣಕ್ಕೆ ಕಿಡಿ ಹತ್ತಬೇಕು ಎಂಬುದನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಹೊಂದಿಸುವುದು ಅವಳ ಕೆಲಸ. ಹಲ್ಲಿನ ಡಾಕ್ಟರೊಬ್ಬರು ತಮ್ಮ ಕಾರು ತಂದು, "ಬರೋ ಓಟಕ್ಕೆ ಒಂಬೈನೂರು ಕುದುರೆ ಬಲ ಬೇಕು" ಎಂದಾಗ ಮೇಸ್ತ್ರಿ ಮಗಳ ಕಡೆ ಕೈ ತೋರಿಸಿದರು.

"ಇದು ಪೂರ್ತಿ ನಿನ್ನ ಕಾರು ಮರಿ. ನಾನು ಕೈ ಹಾಕಲ್ಲ."

ಅವಳು ಇಂಜಿನ್ನಿನ ತಲೆಯ ಮೇಲೆ ದೊಡ್ಡದೊಂದು ಸೂಪರ್‌ಚಾರ್ಜರ್ ಕೂರಿಸಿದಳು. ಬೆಲ್ಟಿನಲ್ಲಿ ತಿರುಗುತ್ತ ಗಾಳಿಯನ್ನು ಒತ್ತಿ ಒಳಗೆ ತುರುಕುವ ಯಂತ್ರ ಅದು. ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿಯಲ್ಲಿ ಸಾಧಾರಣ ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ನುಗಳನ್ನು ತಿಂದುಹಾಕುತ್ತದೆ. ಹಾಗಾಗಿ ಯಾವ ಇಂಧನ ಎಂಬ ಮಾತು ಬಂತು. ಮೂವರೂ ಟೈರುಗಳ ಮೇಲೆ ಕೂತರು.

"ಬಂಕಿನ ಪೆಟ್ರೋಲಂತೂ ಆಗಲ್ಲ," ಎಂದಳು ಮಗಳು. "ಎಥನಾಲ್ ಹಾಕೋಣ ಅಪ್ಪ. ಒಳಗೆಲ್ಲ ತಂಪಾಗಿರತ್ತೆ, ಸಿಡಿಯಲ್ಲ. ಮೂರನೇ ಒಂದು ಪಾಲು ಜಾಸ್ತಿ ಕುಡಿಯತ್ತೆ, ಅಷ್ಟೇ. ಪಂಪು, ಇಂಜೆಕ್ಟರು ದೊಡ್ಡದು ಮಾಡ್ಬೇಕು."

"ಮೆಥನಾಲ್ ಅಂತ ಏನೋ ಓದಿದ್ದೆ," ಎಂದರು ಡಾಕ್ಟರು.

"ಅದು ಹೊತ್ತಿಕೊಂಡ್ರೆ ಹಗಲಲ್ಲಿ ಬೆಂಕೀನೇ ಕಾಣಲ್ಲ ಡಾಕ್ಟ್ರೇ," ಎಂದಳು ಮಗಳು.

"ಹಾಗಾದ್ರೆ ನಾನು ಬಾಯಿ ಮುಚ್ಕೊಂಡಿರ್ತೀನಿ. ನನ್ನ ಕುರ್ಚೀಲಿ ಕೂತೋರು ಬಾಯಿ ತೆಗೀಲಿ, ಸಾಕು."

ಮೇಸ್ತ್ರಿ ನಗಲಿಲ್ಲ. "ರೇಸ್ ಪೆಟ್ರೋಲ್ ಹಾಕು, ಅದೂ ಬೇಗ ಸಿಡಿಯಲ್ಲ," ಎಂದರು. "ಎಥನಾಲ್ ಗಾಳೀಲಿರೋ ನೀರನ್ನೆಲ್ಲ ಹೀರತ್ತೆ. ಹೊಸ ಪಂಪು ಬರೋ ಹೊತ್ತಿಗೆ ಓಟದ ದಿನ ದಾಟಿ ಹೋಗಿರತ್ತೆ."

ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ನಿಜವಾದ ಕಾರಣ ಬೇರೆಯೇ ಇತ್ತು. ರೇಸ್ ಪೆಟ್ರೋಲಿನ ಆ ಸಿಹಿ ಖಾರದ ವಾಸನೆ ಮೂಗಿಗೆ ಬಾರದಿದ್ದರೂ ಅವರ ನೆನಪಿನಲ್ಲಿತ್ತು. ಎಥನಾಲ್ ಅವರಿಗೆ ಅಷ್ಟು ಪರಿಚಯವಿರಲಿಲ್ಲ. ಗೊತ್ತಿದ್ದದ್ದನ್ನೇ ಅಪ್ಪಿಕೊಂಡರು. ಕೈ ಹಾಕಲ್ಲ ಎಂದವರು ಕೈ ಹಾಕಿದ್ದನ್ನು ಮಗಳು ಗಮನಿಸಿದರೂ ಎದುರಾಡಲಿಲ್ಲ.

ಗುರುತಿಗೆ ನೀಲಿ ಬಣ್ಣ ಹಾಕಿದ ರೇಸ್ ಪೆಟ್ರೋಲಿನ ಎರಡು ಡ್ರಮ್ಮು ಬಂದವು. ಮೊದಲನೆಯದರಲ್ಲಿ ಮಗಳು ಹದಿನೈದು ದಿನ ಕಾರನ್ನು ಉರುಳೆಗಳ ಮೇಲೆ ಓಡಿಸಿ ಬಲ ಅಳೆದಳು. ಕೊನೆಯ ದಿನ ಪರದೆಯ ಮೇಲೆ ಒಂಬೈನೂರ ಹನ್ನೆರಡು ಎಂದು ಬಂದಾಗ ಅಪ್ಪನ ಕೈ ಹಿಡಿದು ಚಿಕ್ಕ ಮಗುವಿನ ಹಾಗೆ ಕುಣಿದಳು.

ಓಟ ಇದ್ದದ್ದು ಊರಾಚೆ, ವಿಮಾನಗಳು ಇಳಿಯುವುದನ್ನು ಬಿಟ್ಟು ವರ್ಷಗಳಾಗಿದ್ದ ಒಂದು ರನ್‌ವೇಯಲ್ಲಿ. ಅಲ್ಲಿ ಎರಡನೆಯ ಡ್ರಮ್ಮು ತೆಗೆದರು. ಮಗಳು ಪೆಟ್ಟಿಗೆಯಿಂದ ಸಾಂದ್ರತೆ ಅಳೆಯುವ ಗಾಜಿನ ಕಡ್ಡಿ ತೆಗೆದಳು. ಸುತ್ತ ಬೇರೆ ಮೆಕ್ಯಾನಿಕ್ಕುಗಳು ನಿಂತಿದ್ದರು.

"ಏನ್ ಮೇಸ್ತ್ರಿ, ಮಗಳಿಗೇ ನಿಮ್ಮ ಮೂಗಿನ ಮೇಲೆ ನಂಬಿಕೆ ಇಲ್ವಾ?" ಎಂದ ಒಬ್ಬ.

"ನಾನಿರೋವಾಗ ಆ ಕಡ್ಡಿ ಯಾಕೆ?" ಎಂದುಬಿಟ್ಟರು ಮೇಸ್ತ್ರಿ.

"ಅದೂ ಸರಿ. ನಿನಗಿಂತ ದೊಡ್ಡ ಮೀಟರ್ ಎಲ್ಲಿದೆ?" ಎಂದು ಮಗಳು ನಕ್ಕು ಕಡ್ಡಿಯನ್ನು ಒಳಗಿಟ್ಟಳು.

ಅವರು ಬಗ್ಗಿ ಮೂಸಿದರು. ಏನೂ ಇಲ್ಲ. ಮನಸ್ಸಿನಲ್ಲೇ ಮೂರು ಎಣಿಸಿದರು. ಬಣ್ಣ ನೀಲಿಯೇ ಇತ್ತು.

"ಸರಿಯಾಗಿದೆ. ತುಂಬು."

ಡಾಕ್ಟರು ಓಡಿಸುತ್ತಿದ್ದ ಕಾರು ಅರ್ಧ ದಾರಿ ಹೋಗುವಷ್ಟರಲ್ಲಿ ತಗಡಿನ ಡಬ್ಬಿಯಲ್ಲಿ ಕಲ್ಲು ಕುಲುಕಿದಂಥ ಸದ್ದು ಕೇಳಿತು. ಹಿಂದೆಯೇ ಧಡ್ ಎಂದಿತು. ಹೊಗೆ, ನೆಲದ ಮೇಲೆ ಉದ್ದಕ್ಕೂ ಎಣ್ಣೆ. ಡಾಕ್ಟರಿಗೆ ಏನೂ ಆಗಲಿಲ್ಲ. ಶೆಡ್ಡಿಗೆ ತಂದು ಬಿಚ್ಚಿ ನೋಡಿದರೆ ಎರಡು ಪಿಸ್ಟನ್ನು ಮೇಣದಂತೆ ಕರಗಿದ್ದವು, ಮೂರನೆಯದರಲ್ಲಿ ಹೆಬ್ಬೆರಳು ತೂರುವಷ್ಟು ತೂತು.

ಮಗಳು ಆ ಪಿಸ್ಟನ್ನನ್ನು ಅಂಗೈಯಲ್ಲಿಟ್ಟುಕೊಂಡು ತೂತಿನ ಅಂಚಿನಲ್ಲಿ ಬೆರಳಾಡಿಸಿದಳು.

"ಅಪ್ಪ, ಪೆಟ್ರೋಲ್ ಸರಿ ಇತ್ತಲ್ವಾ?"

"ಸರಿ ಇತ್ತು."

"ಹಾಗಾದ್ರೆ ನಂದೇ ತಪ್ಪು. ಕಿಡೀನ ಬೇಗ ಹತ್ತಿಸಿದೀನಿ. ಒಂದೆರಡು ಡಿಗ್ರಿ ತಡವಾಗಿ ಇಡ್ಬೇಕಿತ್ತು."

ಮೇಸ್ತ್ರಿ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಆದರೆ ಅವರು, "ಹೋಗ್ಲಿ ಬಿಡು ಮರಿ, ಹೀಗೇ ಕಲಿಯೋದು" ಎಂದರು. ಆ ಮಾತು ತಮ್ಮ ಬಾಯಿಂದಲೇ ಬಂತೆಂಬುದನ್ನು ಅವರಿಗೆ ಮುಂದೆಂದೂ ಮರೆಯಲಾಗಲಿಲ್ಲ.

ಮರುದಿನ ಅವಳಿಲ್ಲದಾಗ ಡ್ರಮ್ಮಿನ ತಳದಲ್ಲಿ ಉಳಿದದ್ದನ್ನು ಸೀಸೆಗೆ ಬಗ್ಗಿಸಿ ಗಾಜಿನ ಕಡ್ಡಿ ಇಳಿಬಿಟ್ಟರು. ಅದು ಬಂಕಿನ ಪೆಟ್ರೋಲಿನ ಗೆರೆಗೇ ನಿಂತಿತು. ಯಾರೋ ಎಲ್ಲೋ ಬಣ್ಣ ಬೆರೆಸಿ ಮಾರಿದ್ದರು. ಮೇಸ್ತ್ರಿ ಕಡ್ಡಿಯನ್ನು ಒರೆಸಿ, ಇದ್ದ ಜಾಗದಲ್ಲೇ ಇದ್ದ ಹಾಗೇ ಇಟ್ಟರು.

ಮಗಳು ಡಾಕ್ಟರ ಬಳಿ ಹೋಗಿ ತಪ್ಪೊಪ್ಪಿಕೊಂಡು ಬಂದಳು. ವಾರದೊಳಗೆ ಲ್ಯಾಪ್‌ಟಾಪ್ ಮುಚ್ಚಿ, ನಗರದ ಇನ್ನೊಂದು ಮೂಲೆಯ ಬಸ್ ಡಿಪೊದಲ್ಲಿ ಬ್ರೇಕ್ ರಿಪೇರಿ ಕೆಲಸಕ್ಕೆ ಸೇರಿದಳು. ಅಲ್ಲೇ ಒಂದು ರೂಮು ಹಿಡಿದಳು. "ಬಸ್ಸು ಅಂದ್ರೆ ನಿಧಾನ ಹೋಗತ್ತೆ ಅಮ್ಮ, ಯಾರಿಗೂ ಏನೂ ಆಗಲ್ಲ" ಎಂದಳಂತೆ.

ನಾಲ್ಕು ತಿಂಗಳು ಮೇಸ್ತ್ರಿ ತುಟಿ ಪಿಟಕ್ಕೆನ್ನಲಿಲ್ಲ. ಅಷ್ಟರಲ್ಲಿ ಹೆಂಡತಿ ಒಂದು ದಿನ ಮಗಳ ರೂಮಿಗೆ ಹೋಗಿ ಬಂದು, ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ಕೂತುಬಿಟ್ಟರು.

"ಗೋಡೆ ತುಂಬ ಆ ಕಾರಿನ ಗ್ರಾಫು ಅಂಟಿಸ್ಕೊಂಡಿದಾಳೆ ಕಣ್ರೀ. ಕೆಂಪು ಪೆನ್ನಲ್ಲಿ ಗುರುತು ಹಾಕಿದಾಳೆ, ಅಳಿಸಿದಾಳೆ, ಮತ್ತೆ ಹಾಕಿದಾಳೆ. ತಪ್ಪೆಲ್ಲಿ ಅಂತ ಇನ್ನೂ ಹುಡುಕ್ತಾ ಇದಾಳೆ. ಇಲ್ಲದ್ದನ್ನ ಹುಡುಕೋರ ಹಾಗೆ."

ಮೇಸ್ತ್ರಿ ಹೆಂಡತಿಯ ಪಕ್ಕದಲ್ಲೇ ಕುಸಿದು ಕೂತು ಎಲ್ಲವನ್ನೂ ಹೇಳಿದರು. ಆಕೆ ಬೈಯಲಿಲ್ಲ. "ನಂಗೆ ಹೇಳಿದ್ದು ಸಾಕು. ಹೇಳ್ಬೇಕಾದೋರಿಗೆ ಹೇಳಿ" ಎಂದು ಎದ್ದು ಒಳಗೆ ಹೋದರು.

ಮರುದಿನ ಮಧ್ಯಾಹ್ನ ಮೇಸ್ತ್ರಿ ಡಿಪೊಗೆ ಹೋದಾಗ ಮಗಳು ಬಸ್ಸೊಂದರ ಚಕ್ರ ಬಿಚ್ಚುತ್ತಿದ್ದಳು. ಅಪ್ಪನನ್ನು ಕಂಡು ಮುಖ ಅರಳಿತು. ಅದನ್ನು ನೋಡಿ ಅವರಿಗೆ ಇನ್ನೂ ಕಷ್ಟವಾಯಿತು.

"ಮರಿ, ನಂಗೆ ವಾಸನೆ ಬರಲ್ಲ. ಜ್ವರ ಬಂದಾಗಿನಿಂದ. ಆ ಡ್ರಮ್ಮಲ್ಲಿ ಇದ್ದಿದ್ದು ಬಂಕಿನ ಪೆಟ್ರೋಲು. ಮಾರನೇ ದಿನವೇ ಅಳೆದು ನೋಡ್ದೆ. ನಿನ್ನ ಲೆಕ್ಕದಲ್ಲಿ ಏನೂ ತಪ್ಪಿರಲಿಲ್ಲ."

ಅವಳು ಸ್ಪ್ಯಾನರನ್ನು ಮೆಲ್ಲಗೆ ನೆಲಕ್ಕಿಟ್ಟಳು.

"ಮಾರನೇ ದಿನವೇ?"

"ಹ್ಞೂಂ."

"ಮೂಗು ಹೋಗಿದ್ದಕ್ಕೆ ನಂಗೆ ಸಿಟ್ಟಿಲ್ಲ ಅಪ್ಪ. ಅದು ಯಾರ ಕೈಲಿದೆ? ನಾನು ನಾಲ್ಕು ತಿಂಗಳು ನನ್ನ ಕೈನೇ ನಂಬದ ಹಾಗೆ ಮಾಡ್ದೆಯಲ್ಲ..." ಗ್ರೀಸಾಗಿದ್ದ ಕೈಯ ಹಿಂಬದಿಯಿಂದ ಕಣ್ಣೊರೆಸಿಕೊಂಡಳು. "ಹಲ್ಲಿನ ಡಾಕ್ಟ್ರಿಗೆ ನೀನೇ ಹೋಗಿ ಹೇಳು. ಈಗ ಹೋಗು."

ಅವರು ಬೆನ್ನು ತಿರುಗಿಸಿ ಹತ್ತು ಹೆಜ್ಜೆ ಹೋಗಿರಬೇಕು.

"ಅಪ್ಪ," ಎಂದು ಹಿಂದಿನಿಂದ ಕೂಗಿದಳು. "ಮನೇಲಿ ಗ್ಯಾಸ್ ಲೀಕ್ ಆದ್ರೂ ನಿಂಗೆ ಗೊತ್ತಾಗಲ್ವಲ್ಲ? ಅಮ್ಮ ಊರಿಗೆ ಹೋದಾಗ ಒಬ್ಬನೇ ಇರ್ತೀಯಲ್ಲ?"

ಅವರು ತಲೆಯಾಡಿಸಿ ನಡೆದರು.

ಕ್ಲಿನಿಕ್ಕಿನಲ್ಲಿ ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡು ಕೈಯಲ್ಲಿದ್ದ ಗವಸು ಬಿಚ್ಚಿದರು. ಕಾರನ್ನು ಅದಾಗಲೇ ಬಿಡಿಬಿಡಿಯಾಗಿ ಮಾರಿಬಿಟ್ಟಿದ್ದರು. "ಕಾರು ಹೋಗ್ಲಿ ಮೇಸ್ತ್ರಿ," ಎಂದರು. "ಆ ಹುಡುಗಿ ಇಲ್ಲಿ ನಿಂತು ನನಗೆ ಕೈ ಮುಗಿದು ಕ್ಷಮೆ ಕೇಳಿದ್ಲು. ನಾನು ಮುಖ ತಿರುಗಿಸ್ಕೊಂಡೆ. ಅದನ್ನ ಈಗ ನಾನೇನು ಮಾಡ್ಲಿ?"

ಭಾನುವಾರ ಮಗಳು ಮನೆಗೆ ಬಂದಳು. ಚೀಲದಲ್ಲಿ ಗ್ಯಾಸ್ ಸೋರಿದರೆ ಕೂಗುವ ಒಂದು ಪುಟ್ಟ ಯಂತ್ರವಿತ್ತು. ಅಡುಗೆಮನೆಯ ಗೋಡೆಗೆ, ನೆಲದಿಂದ ಒಂದು ಗೇಣು ಮೇಲೆ, ತಾನೇ ಡ್ರಿಲ್ ಹಿಡಿದು ಕೂರಿಸಿದಳು. "ಗ್ಯಾಸು ಭಾರ, ಕೆಳಗೇ ನಿಲ್ಲತ್ತೆ" ಎಂದು ಅಮ್ಮನಿಗೆ ವಿವರಿಸಿದಳು. ಲೈಟರಿನ ಗ್ಯಾಸನ್ನು ಹೊತ್ತಿಸದೆ ಅದರ ಮುಂದೆ ಹಿಡಿದಾಗ ಯಂತ್ರ ಮನೆ ಹಾರಿಹೋಗುವಂತೆ ಕೂಗಿತು. ಅಮ್ಮ ಬೆಚ್ಚಿಬಿದ್ದು ನಕ್ಕರು. ಮಗಳೂ ಸ್ವಲ್ಪ ನಕ್ಕಳು.

ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದರು. "ಶೆಡ್ಡಿಗೆ ಒಂದ್ಸಲ ಬರ್ತೀಯಾ ಮರಿ?"

ಅವಳು ಡ್ರಿಲ್ಲಿನ ವೈರನ್ನು ಸುತ್ತುತ್ತ, "ಇಲ್ಲ ಅಪ್ಪ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಡಿಪೊದಲ್ಲೇ ಇರ್ತೀನಿ."

ಚಪ್ಪಲಿ ಮೆಟ್ಟಿಕೊಂಡು, ಬ್ಯಾಟರಿ ಯಾವಾಗ ಬದಲಿಸಬೇಕೆಂದು ಅಮ್ಮನಿಗೆ ಹೇಳಿ, ಬಸ್ ಸ್ಟಾಪಿನ ಕಡೆ ಹೊರಟಳು. ಮೇಸ್ತ್ರಿ ಗೇಟಿನವರೆಗೆ ಹೋಗಿ, ಅವಳು ಬೀದಿಯ ತಿರುವು ದಾಟುವವರೆಗೂ ನಿಂತಿದ್ದು ಒಳಗೆ ಬಂದರು. ಅಡುಗೆಮನೆಯಲ್ಲಿ ಡ್ರಿಲ್ಲಿನಿಂದ ಉದುರಿದ ಗೋಡೆಯ ಪುಡಿ ಹಾಗೇ ಬಿದ್ದಿತ್ತು. ಹೆಂಡತಿಯ ಕೈಯಿಂದ ಪೊರಕೆ ಇಸಿದುಕೊಂಡು ತಾವೇ ಗುಡಿಸಿದರು.