ಉಳಿತಾಯಪ್ಪ ಆರಿಸಿದ ಕುಲುಮೆ

ಗಾಜಿನ ಕುಲುಮೆಯನ್ನು ಆರಿಸಬಾರದು. ಆರಿಸಿದರೆ ಒಳಗೆ ಕರಗಿ ನಿಂತ ಗಾಜು ಗಟ್ಟಿಯಾಗಿ ಗೋಡೆಗೆ ಕಚ್ಚಿಕೊಳ್ಳುತ್ತದೆ, ಕುಲುಮೆ ಬಿರಿಯುತ್ತದೆ, ಆಮೇಲೆ ಒಡೆದು ಬಿಸಾಕುವುದೊಂದೇ ದಾರಿ. ಇದು ನಮ್ಮ ಕಾರ್ಖಾನೆಯ ಬೆಕ್ಕಿಗೂ ಗೊತ್ತಿತ್ತು. ಗೊತ್ತಿಲ್ಲದವನು ಒಬ್ಬನೇ, ಕೋರ್ಟು ಕಳಿಸಿದ ಆಡಳಿತಗಾರ.

ನನ್ನ ತಮ್ಮನ ಸೀಸೆ ಕಾರ್ಖಾನೆ ದಿವಾಳಿಯಾದಾಗ ಅದನ್ನು ವಹಿಸಿಕೊಂಡು, ಚೆನ್ನಾಗಿ ಮಾರಿ, ಸಾಲ ಕೊಟ್ಟವರಿಗೆ ಹಂಚುವುದು ಆ ಮಹಾಶಯನ ಕೆಲಸ. ತಮ್ಮನ ಸಾಲಕ್ಕೆ ನಾನು ನನ್ನ ಮನೆಯನ್ನು ಅಡವಿಟ್ಟಿದ್ದೆ. ಕಾರ್ಖಾನೆ ಒಳ್ಳೆಯ ಬೆಲೆಗೆ ಹೋದರೆ ಮನೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಕೊಳ್ಳುವವನೂ ಸಿಕ್ಕಿದ್ದ.

ಮಹಾಶಯ ಬಂದವನೇ ಆಫೀಸಿನ ಅರ್ಧ ದೀಪ ಆರಿಸಿದ, ಕೆಲಸಗಾರರ ಚಹಾ ನಿಲ್ಲಿಸಿದ. ಉಳಿತಾಯಪ್ಪ ಎಂದು ನಾನೇ ನಾಮಕರಣ ಮಾಡಿದೆ. ಆಮೇಲೆ ಅವನ ಕಣ್ಣು ಗ್ಯಾಸಿನ ಬಿಲ್ಲಿನ ಮೇಲೆ ಬಿತ್ತು. ಸೀಸೆಯೇ ಮಾಡದ ಕಾರ್ಖಾನೆಗೆ ಬೆಂಕಿ ಯಾಕೆ ಎಂದು ಕುಲುಮೆಯನ್ನೇ ಆರಿಸಿಬಿಟ್ಟ! ಕೊಳ್ಳುವವನು ಬಂದು ಬೆರಳಿನ ಗೆಣ್ಣಿನಿಂದ ಕುಲುಮೆಯನ್ನು ತಟ್ಟಿ ನೋಡಿದ.

"ಇದನ್ನ ತಗೊಂಡು ಏನ್ ಮಾಡ್ಲಿ? ನನ್ನ ಸಮಾಧಿಗೆ ಇಟ್ಕೊಳ್ಲಾ?" ಎಂದು ಕಾರು ಹತ್ತಿದ.

ಉಳಿತಾಯಪ್ಪ ತನ್ನ ವರದಿಯಲ್ಲಿ "ಇಂಧನ ವೆಚ್ಚದಲ್ಲಿ ಗಣನೀಯ ಉಳಿತಾಯ" ಎಂದು ಬರೆದು, ತನ್ನ ಫೀಸನ್ನು ಎಲ್ಲರಿಗಿಂತ ಮೊದಲು ತೆಗೆದುಕೊಂಡ. ನನಗೆ ಮೈಯೆಲ್ಲ ಉರಿಯಿತು. ಕರ್ತವ್ಯದಲ್ಲಿ ಅಸಡ್ಡೆ ತೋರಿದನೆಂದು ಅವನ ಮೇಲೆ ದಾವೆ ಹಾಕಿಸಿದೆ; ನಷ್ಟವನ್ನು ಅವನೇ ತುಂಬಿಕೊಟ್ಟರೆ ನನ್ನ ಮನೆ ಉಳಿಯುತ್ತಿತ್ತು.

"ಅವ್ರ ಕಸುಬಿನವರೇ ಒಬ್ರು ಬಂದು, ಬುದ್ಧಿ ಇರೋ ಯಾವ ಆಡಳಿತಗಾರನೂ ಹೀಗೆ ಮಾಡಲ್ಲ ಅಂತ ಸಾಕ್ಷಿ ಹೇಳ್ಬೇಕಮ್ಮ" ಎಂದಳು ನಮ್ಮ ವಕೀಲೆ.

ಹುಡುಕಿದೆವು. ಒಬ್ಬನಿಗೆ ಸೊಂಟನೋವು. ಇನ್ನೊಬ್ಬನ ಮಗಳಿಗೆ ಮದುವೆ. ಮೂರನೆಯವನು ಮಾತ್ರ ಪ್ರಾಮಾಣಿಕ. "ನಾನೂ ಒಂದ್ಸಲ ಐಸ್ ಫ್ಯಾಕ್ಟರಿ ಕರೆಂಟ್ ತೆಗೆಸಿದ್ದೆ ಅಮ್ಮ, ನನ್ನ ಬಿಟ್ಬಿಡಿ" ಎಂದು ಕೈಮುಗಿದ. ಕೊನೆಗೆ ಉಳಿತಾಯಪ್ಪನ ಮೇಲೆ ಹಳೆಯ ಹಗೆಯಿದ್ದವನೊಬ್ಬ ಸಿಕ್ಕಿ, ಸಾಕ್ಷಿಕಟ್ಟೆಯಲ್ಲಿ ಅವನ ಚಳಿ ಬಿಡಿಸಿದ. ಉಳಿತಾಯಪ್ಪ ಬೆವರು ಒರೆಸಿಕೊಳ್ಳುವುದನ್ನು ನೋಡಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮನೆಯ ಕಿಟಕಿಗಳಿಗೆ ಯಾವ ಬಣ್ಣ ಹೊಡೆಸಲಿ ಎಂದು ಕೂತಲ್ಲೇ ಯೋಚಿಸತೊಡಗಿದೆ.

ಆಮೇಲೆ ನನ್ನ ತಮ್ಮ ಸಾಕ್ಷಿಕಟ್ಟೆ ಹತ್ತಿದ, ಉಳಿತಾಯಪ್ಪನ ವಕೀಲ ಅವನ ಕಡೆ ತಿರುಗಿದ.

"ಕುಲುಮೆ ಆರಿಸೋ ಮುಂಚೆ ಇವರು ನಿಮ್ಮನ್ನ ಕೇಳಿದ್ರಾ?"

ತಮ್ಮ ನನ್ನ ಮುಖ ನೋಡಲಿಲ್ಲ. "ಕೇಳಿದ್ರು. ಫೋನ್ ಮಾಡಿ, ಆರಿಸಿದ್ರೆ ಏನಾದ್ರೂ ತೊಂದ್ರೆ ಇದೆಯಾ ಅಂದ್ರು."

"ನೀವೇನಂದ್ರಿ?"

"ಈಗ ಯಜಮಾನ್ರು ನೀವು, ನಿಮ್ಮಿಷ್ಟ ಅಂದೆ."

ನ್ಯಾಯಾಧೀಶರು ಕನ್ನಡಕ ತೆಗೆದರು. "ಗೊತ್ತಿದ್ದೂ ಯಾಕ್ರೀ ಹೇಳ್ಲಿಲ್ಲ?"

"ನನ್ನ ಕುಲುಮೇಲಿ ಇನ್ಯಾರೋ ಬಂದು ಸೀಸೆ ಮಾಡೋದನ್ನ ನೋಡೋಕೆ ನನ್ನ ಕೈಲಾಗ್ತಿರ್ಲಿಲ್ಲ ಸ್ವಾಮಿ."

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ನಮ್ಮ ವಕೀಲೆ ಪೆನ್ನಿಗೆ ಮುಚ್ಚಳ ಹಾಕಿದಳು. ಬಲ್ಲವನನ್ನೇ ಕೇಳಿ ಮಾಡಿದವನದು ಅಸಡ್ಡೆಯಲ್ಲ ಎಂದು ದಾವೆ ವಜಾ ಆಯಿತು. ಉಳಿತಾಯಪ್ಪ ಹೊರಗೆ ಹೋಗುವಾಗ ನನಗೆ ನಮಸ್ಕಾರ ಬೇರೆ ಮಾಡಿದ.

ಮೆಟ್ಟಿಲಿಳಿಯುವಾಗ ತಮ್ಮ ಪಿಸುಗುಟ್ಟಿದ. "ಅಕ್ಕಾ, ಕೋರ್ಟಲ್ಲಿ ಸುಳ್ಳು ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ."

"ಸುಳ್ಳು ಯಾರಿಗೆ ಬೇಕಿತ್ತೋ? ಅವತ್ತು ಫೋನಲ್ಲಿ ನಿಜ ಹೇಳಿದ್ರೆ ಸಾಕಿತ್ತು."

ನನಗೆ ಅಳು ಬಂತು. ಅವನೆದುರು ಅಳಬಾರದೆಂದು ರಸ್ತೆಯ ಕಡೆ ನೋಡಿದೆ.

"ಆಟೋ ಕರೀಲಾ? ಎಲ್ಲಿಗ್ ಹೋಗೋದು?" ಎಂದ.

"ನಿನ್ನ ಬಾಡಿಗೆ ಮನೆಗೆ. ನಿನ್ನ ಕೋಣೆ ಖಾಲಿ ಮಾಡು, ಇನ್ಮೇಲೆ ನಾನು ಇರೋದು ಅಲ್ಲೇ."